ದಾರ್ಸೈಟಿನ ಖಾಲಿ ಬೆಂಚು

ಮಸ್ಕತ್ತಿಗೆ ಬಂದು ನಾನು ಮೊದಲು ಕಂಡ ವಿಚಿತ್ರ ಒಂದು ಮೊಣಕಾಲು. ಮಗಳ ಮನೆಯ ಸೋಫಾದಲ್ಲಿ ಒಬ್ಬ ಗಂಡಸು ಪ್ಯಾಂಟು ಮಡಚಿ ಕಾಲು ಚಾಚಿ ಕೂತಿದ್ದ. ಸುತ್ತ ಏಳೆಂಟು ಜನ ಬಗ್ಗಿ ನೋಡುತ್ತಿದ್ದರು. ಒಬ್ಬ ಬೆರಳಿನಿಂದ ಒತ್ತಿದ, ಇನ್ನೊಬ್ಬ ತಲೆ ಆಡಿಸಿದ. ಬಂದರಿನಲ್ಲಿ ಅಂಜಲ್ ಮೀನು ಏಲಂ ಆಗುವಾಗ ಕಿವಿರು ಎತ್ತಿ ನೋಡುತ್ತಾರಲ್ಲ, ಹಾಗೆ. ನಾನು ಆಯುಷ್ಯವಿಡೀ ಮೀನು ಮಾರಿದವಳು. ಮನುಷ್ಯನ ಮೊಣಕಾಲಿಗೆ ಅಷ್ಟು ಗಿರಾಕಿಗಳನ್ನು ನೋಡಿರಲಿಲ್ಲ.

ನಮ್ಮ ಊರು ಉಳ್ಳಾಲದಿಂದ ತೆಂಕಕ್ಕೆ, ಕಡಲ ಬದಿ. ಮನೆಯನ್ನು ಕಡಲು ತಿಂದ ಮೇಲೆ ಮಗಳು ಶೋಭಾ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದಳು. ಅಳುವಂಥದ್ದು ಏನೂ ಇಲ್ಲ. ಮೊದಲು ತೆಂಗಿನ ಮರಗಳು ಹೋದವು, ಮತ್ತೆ ಬಾವಿ, ಮತ್ತೆ ಅಡುಗೆಕೋಣೆ. ಸಾಮಾನು ತೆಗೆಯಲು ಕಡಲು ಪುರುಸೊತ್ತು ಕೊಟ್ಟಿತ್ತು. ಮನೆಯಲ್ಲಿ ನಮ್ಮದು ತುಳು. ಬರೆಯಲು ಬರುವುದು ಕನ್ನಡ ಮಾತ್ರ, ಅದೂ ಮೂರನೇ ಕ್ಲಾಸಿನದು.

ಇಲ್ಲಿ ಮನೆ ದಾರ್ಸೈಟಿನಲ್ಲಿ, ನಾಲ್ಕನೇ ಮಾಳಿಗೆಯಲ್ಲಿ. ಅಂಗಳ ಇಲ್ಲ, ಜಗಲಿ ಇಲ್ಲ. ಊರಿನಲ್ಲಿ ಬೇಲಿಯ ಹತ್ತಿರ ನಿಂತರೆ ಇಡೀ ಕೇರಿಯ ಸುದ್ದಿ ಸಿಗುತ್ತಿತ್ತು. ಇಲ್ಲಿ ಬಾಗಿಲು ತೆರೆದರೆ ಎದುರು ಇನ್ನೊಂದು ಮುಚ್ಚಿದ ಬಾಗಿಲು. ಮಗಳು ರೂವಿಯಲ್ಲಿ ಆಫೀಸಿಗೆ ಹೋಗುತ್ತಾಳೆ, ಅಳಿಯ ದಿನೇಶ ಕಂಪೆನಿಗೆ, ಮೊಮ್ಮಗ ಶಾಲೆಗೆ. ನಾನು ತುಳುವಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಉಣ್ಣುವುದಕ್ಕೆ ಮಾತ್ರ ಇಬ್ಬರಿಗೂ ಭಾಷೆ ಬೇಡ. ಹಗಲಿಡೀ ಎಸಿಯ ಸದ್ದು ಕೇಳುತ್ತಾ ಕೂತರೆ ಬಾಯಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಶುಕ್ರವಾರ ರಜೆಯ ದಿನ ಬರುವ ಈ ಮೊಣಕಾಲಿನ ಜನ ನನಗೆ ಬೇಡವಾಗಲಿಲ್ಲ.

ಇವರು ನಮ್ಮ ಊರಿನ ಫುಟ್‌ಬಾಲ್ ತಂಡದವರು. ದಿನೇಶ ಅದರ ಮ್ಯಾನೇಜರ್. ಆಟ ಕಲಿಸುವವನು ಹಮೀದ್, ನಮ್ಮ ಕೇರಿಯ ಬ್ಯಾರಿಗಳ ಹುಡುಗ, ಈಗ ಸುವೈಕಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಊರಿನಲ್ಲಿ ಮೊಗವೀರರ ಮಕ್ಕಳೂ ಬ್ಯಾರಿಗಳ ಮಕ್ಕಳೂ ಒಂದೇ ಮರಳಿನಲ್ಲಿ ಚೆಂಡು ಒದ್ದವರು, ಇಲ್ಲಿಯೂ ಹಾಗೆಯೇ. ಮೊಣಕಾಲಿನವನು ರಿತೇಶ. ಅಂಚಿನಲ್ಲಿ ಓಡಿ, ಚೆಂಡನ್ನು ನಡುವಿಗೆ ಒದ್ದು ಕೊಡುವುದು ಅವನ ಕೆಲಸ. ಅದಕ್ಕೆ ಇವರು ವಿಂಗ್ ಎನ್ನುತ್ತಾರೆ. ಬಲಗಡೆಯ ವಿಂಗ್ ರಿತೇಶನದು. ಎಡಗಡೆಯವನಿಗೆ ಹಿಂದಿನ ವಾರವೇ ಪಾದ ಮಗುಚಿ ಪ್ಲಾಸ್ಟರ್ ಬಿದ್ದಿತ್ತು, ಹೆಚ್ಚಿಗೆ ಇದ್ದ ಒಬ್ಬನು ಅವನ ಜಾಗಕ್ಕೆ ಹೋಗಿದ್ದ.

"ಬೆಂಚಲ್ಲಿ ಯಾರುಂಟು?" ಎಂದು ಹಮೀದ್ ಕೇಳಿದ. ಬೆಂಚು ಎಂದರೆ ಆಡದೆ ಹೊರಗೆ ಕಾಯುವವರು, ಒಬ್ಬ ಬಿದ್ದರೆ ಒಳಗೆ ಹೋಗುವವರು.

"ಬೆಂಚು ಉಂಟು. ಜನ ಇಲ್ಲ" ಎಂದ ದಿನೇಶ. "ಹಿಂದೆ ನಿಲ್ಲುವವರಲ್ಲಿ ಒಬ್ಬನನ್ನು ಅಂಚಿಗೆ ಹಾಕುವ."

"ಹಾಕಿದರೆ ಹಿಂದೆ ಯಾರು, ನಿನ್ನ ಅಜ್ಜನಾ?"

"ಹಾಗಾದರೆ ನಾನೇ ಓಡ್ತೇನೆ."

"ನೀನು ಅಂಚಿನಲ್ಲಿ ಓಡಿದರೆ ಹೊಟ್ಟೆ ಗೆರೆಯಿಂದ ಹೊರಗೆ ಹೋಗ್ತದೆ ಮಾರಾಯ. ರೆಫರಿ ವಿಸಿಲ್ ಹಾಕ್ತಾನೆ."

ಎಲ್ಲರೂ ನಕ್ಕರು. ರಿತೇಶ ನಗಲಿಲ್ಲ. "ಪಟ್ಟಿ ಕಟ್ಟಿ ನಾನೇ ಆಡ್ತೇನೆ. ಒಂದು ಮ್ಯಾಚ್ ಅಲ್ವಾ?" ಎಂದ.

ಹಮೀದನಿಗೆ ಸಿಟ್ಟು ಬಂತು. "ಡಾಕ್ಟರ್ ಎಂತ ಹೇಳಿದ್ರು? ಇನ್ನೊಮ್ಮೆ ತಿರುಗಿದರೆ ಆಪರೇಷನ್. ನೀನು ಏಣಿ ಹತ್ತಿ ಎಸಿ ರಿಪೇರಿ ಮಾಡುವವ. ಏಣಿ ಹತ್ತಲಿಕ್ಕೆ ಆಗದಿದ್ದರೆ ಖಲಾಸ್. ನಿನ್ನ ಗೋಲು ನೋಡಿ ಕಫೀಲ್ ಸಂಬಳ ಕೊಡ್ತಾನಾ?"

ಖಲಾಸ್ ಎಂದರೆ ಮುಗಿಯಿತು. ಕಫೀಲ್ ಎಂದರೆ ನಮ್ಮನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಂಡ ಯಜಮಾನ. ಈ ಎರಡು ಶಬ್ದ ತಿಳಿದರೆ ಅರ್ಧ ಒಮಾನ್ ತಿಳಿದ ಹಾಗೆ.

"ಹನ್ನೊಂದು ಜನ ಆಗದಿದ್ದರೆ ಆಡ್ತೇನೆ" ಎಂದು ರಿತೇಶ ಪ್ಯಾಂಟು ಕೆಳಗೆ ಇಳಿಸಿದ. ಅವನು ಸುಮ್ಮನೆ ಹೇಳುವ ಜಾತಿಯಲ್ಲ ಎಂದು ಅವನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ಆಗ ಹಮೀದ್ ನವೀನನ ಹೆಸರು ಎತ್ತಿದ. ಬುರೈಮಿಯಲ್ಲಿ ಟಯರ್ ಅಂಗಡಿಯಲ್ಲಿ ಕೆಲಸ ಮಾಡುವವನು, ಗಾಳಿಯ ಹಾಗೆ ಓಡುತ್ತಾನಂತೆ. ತೊಂದರೆ ಒಂದೇ. ಈ ಪಂದ್ಯಾಟ ಊರಿಗೆ ಸೀಮಿತ. ಒಂದು ತಂಡದಲ್ಲಿ ಒಂದೇ ಊರಿನವರು ಇರಬೇಕು. ನಮ್ಮ ಕಡೆ ಇಂಥ ಆಟಕ್ಕೆ ಆಧಾರ್ ಕಾರ್ಡು ನೋಡುತ್ತಾರೆ. ಇಲ್ಲಿ ಅರ್ಧ ಜನ ಹುಟ್ಟಿದ್ದೇ ಮಸ್ಕತ್ತಿನಲ್ಲಿ, ಕಾರ್ಡು ಏನು ಹೇಳುತ್ತದೆ? ಆದ್ದರಿಂದ ಯಾರಾದರೂ ತಕರಾರು ಎತ್ತಿದರೆ ಆ ಊರಿನ ಹಿರಿಯರೊಬ್ಬರು ನಿಂತು ಹೌದು ಎನ್ನಬೇಕು. ನವೀನನ ತಂದೆ ಕುಂದಾಪುರದ ಕಡೆಯವರು. ತಾಯಿ ನಮ್ಮ ಊರಿನವಳಂತೆ.

"ಅಂತೆ ಹೇಳಿದರೆ ಆಗುದಿಲ್ಲ. ಹಿರಿಯರು ಬೇಕು" ಎಂದ ದಿನೇಶ. ಎಲ್ಲರೂ ಅಡುಗೆಕೋಣೆಯ ಕಡೆ ತಿರುಗಿದರು. ನಾನು ಬೂತಾಯಿ ಮೀನು ಕ್ಲೀನು ಮಾಡುತ್ತಿದ್ದೆ.

"ಮಾಮಿ, ನವೀನನ ತಾಯಿ ಸುನಂದ ಅಂತ, ಗೊತ್ತುಂಟಾ ನಿಮಗೆ?"

"ಅವಳ ತಾಯಿ ಯಾರು?"

ಫೋನು ಮಾಡಿ ಕೇಳಿದರು. ರಾಧು.

ನಾನು ಕತ್ತಿ ಕೆಳಗಿಟ್ಟೆ. ಸಂತೆಯಲ್ಲಿ ನಾನು ದಿನಾ ಕೂರುತ್ತಿದ್ದ ಜಾಗದಲ್ಲಿ, ನಾನು ಹೆರಿಗೆಗೆ ಮಲಗಿದ್ದಾಗ, ಬುಟ್ಟಿ ಇಟ್ಟು ಕೂತವಳು ರಾಧು. ಎದ್ದೇಳು ಎಂದರೆ ಏಳಲಿಲ್ಲ. ಅವತ್ತು ಬಿಟ್ಟ ಮಾತು ಅವಳು ಸಾಯುವವರೆಗೂ ಬಿಟ್ಟೇ ಇತ್ತು. ಅವಳ ಮೊಮ್ಮಗನಿಗೆ ನಾನು ಸಾಕ್ಷಿ ಹೇಳಬೇಕಂತೆ!

"ನೋಡುವ" ಎಂದೆ. ಹೂಂ ಎನ್ನಲಿಲ್ಲ.

ಆ ವಾರ ಮತ್ರಾದ ಮೀನು ಮಾರುಕಟ್ಟೆಗೆ ಹೋದೆ. ಟ್ಯಾಕ್ಸಿಯಲ್ಲಿ ಒಬ್ಬಳೇ ಹೋಗಿ ಬರಲು ಕಲಿತದ್ದು ನನ್ನ ಇಲ್ಲಿಯ ದೊಡ್ಡ ಸಾಧನೆ. ಊರಿನಲ್ಲಿ ಮೀನು ಮಾರುವುದು ಹೆಂಗಸರು, ಇಲ್ಲಿ ಗಂಡಸರು. ಬೂತಾಯಿಗೆ ಊಮ ಎನ್ನುತ್ತಾರೆ, ಅಂಜಲಿಗೆ ಕನದ್. ಬಿಳಿ ನಿಲುವಂಗಿಯ ಮುದುಕನೊಬ್ಬ ನನಗೆ ಹಳೆಯ ಮಾಲು ಹಾಕಲು ನೋಡಿದ. ಕಿವಿರು ಎತ್ತಿ ತೋರಿಸಿ ತುಳುವಿನಲ್ಲಿ ಬೈದೆ. ಅವನು ಅರಬಿಯಲ್ಲಿ ಬೈದ. ಆಮೇಲೆ ಇಬ್ಬರೂ ನಕ್ಕೆವು, ಅವನು ಒಳಗಿನಿಂದ ಹೊಸ ಮೀನು ತೆಗೆದ. ಬಂದ ಮೇಲೆ ಅಷ್ಟು ಚೆನ್ನಾಗಿ ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಮನೆಗೆ ಬರುವಾಗ ಯೋಚಿಸಿದೆ, ರಾಧು ಇದ್ದಿದ್ದರೆ ಇವನ ಹತ್ತಿರ ಇನ್ನೂ ಎರಡು ಮೀನು ಜಾಸ್ತಿ ಕಿತ್ತುಕೊಳ್ಳುತ್ತಿದ್ದಳು. ಅವಳ ಬಾಯಿ ಹಾಗಿತ್ತು.

ಆಟ ಸುವೈಕಿನಲ್ಲಿ. ಹಮೀದ್ ಮೊದಲು ನಮ್ಮನ್ನು ಕಡಲ ಬದಿಗೆ ಕರೆದುಕೊಂಡು ಹೋದ. ಅಲ್ಲಿ ಬಲೆಯನ್ನು ದಡಕ್ಕೆ ಎಳೆಯುವುದು ಪಿಕಪ್ ವಾಹನದಲ್ಲಿ. ನಮ್ಮಲ್ಲಿ ಕೈರಂಪಣಿ ಬಲೆಗೆ ಇಡೀ ಕೇರಿ ಹಗ್ಗ ಹಿಡಿಯುತ್ತದೆ, ಹಗ್ಗ ಮುಟ್ಟಿದವನಿಗೆ ಪಾಲು. ಇಲ್ಲಿ ಪಿಕಪ್ಪಿಗೂ ಪಾಲು ಉಂಟಾ ಎಂದು ಕೇಳಿದೆ. "ಪೆಟ್ರೋಲ್ ಕುಡಿಯುದಿಲ್ವಾ ಕಮಲಕ್ಕ, ಅದೇ ಪಾಲು" ಎಂದ ಹಮೀದ್. ಅದೇ ಕಡಲು, ಅದೇ ಬೂತಾಯಿ. ಈ ದಡದಲ್ಲಿ ಮಾತ್ರ ಕಡಲು ಯಾರ ಮನೆಯನ್ನೂ ತಿನ್ನುವ ಅವಸರದಲ್ಲಿ ಇದ್ದ ಹಾಗೆ ಕಾಣಲಿಲ್ಲ.

ಮೈದಾನದಲ್ಲಿ ನವೀನನನ್ನು ಕಂಡೆ. ಮೂಗು ರಾಧುವಿನದೇ. ಮೈಮೇಲೆ ತಂಡದ ಅಂಗಿ ಇತ್ತು, ಒಳಗೆ ಕಾಲಿಡಲು ಧೈರ್ಯ ಇರಲಿಲ್ಲ. ಅವನ ಪಕ್ಕದಲ್ಲಿ ರಿತೇಶ ಕೂತು ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಒಬ್ಬ ಒಳಗೆ ಹೋಗದಿದ್ದರೆ ಇನ್ನೊಬ್ಬ ಹೋಗುತ್ತಾನೆ, ಅಷ್ಟೇ.

ಎದುರು ತಂಡದ ಮ್ಯಾನೇಜರ್ ಜಯಣ್ಣ, ನಮ್ಮ ಪಕ್ಕದ ಊರಿನವನು, ಬಂದು ನಿಂತ. "ಇವ ಹೇಗೆ ನಿಮ್ಮ ಊರವ? ಅಪ್ಪ ಕುಂದಾಪುರದವ. ಪಾಸ್‌ಪೋರ್ಟ್ ನೋಡಿ."

ಎಲ್ಲರೂ ನನ್ನ ಮುಖ ನೋಡಿದರು. ನಾನು ರಿತೇಶನ ಕಾಲು ನೋಡಿದೆ. ಪಟ್ಟಿಯ ಮೇಲೆ, ಕೆಳಗೆ ಎರಡೂ ಕಡೆ ಬಾತಿತ್ತು.

"ನಿನ್ನ ಬರಿ ಯಾವುದು?" ಎಂದು ಜಯಣ್ಣನನ್ನು ಕೇಳಿದೆ. ಬರಿ ಎಂದರೆ ನಮ್ಮಲ್ಲಿ ಕುಲದ ಹೆಸರು.

"ಸಾಲಿಯಾನ್."

"ಯಾರಿಂದ ಬಂತು?"

"ಅಮ್ಮನಿಂದ."

"ಮತ್ತೆ? ನಿನಗೆ ಅಮ್ಮನಿಂದ ಬರಬಹುದು, ಇವನಿಗೆ ಅಪ್ಪನ ಪಾಸ್‌ಪೋರ್ಟಾ?"

ಹಿಂದೆ ಯಾರೋ ಕಿಸಕ್ಕೆಂದರು. ಜಯಣ್ಣ ಬಿಡಲಿಲ್ಲ. "ಸರಿ ಅಮ್ಮ, ಅವಳು ನಿಮ್ಮ ಊರವಳೇ ಅಂತ ಎಂತ ಗ್ಯಾರಂಟಿ? ನೀವು ನೋಡಿದ್ದೀರಾ?"

"ನೋಡದೆ? ಇವನ ಅಜ್ಜಿ ರಾಧುವಿನ ಹತ್ತಿರ, ಅವಳು ಸಾಯುವವರೆಗೆ, ನಾನು ಮಾತು ಬಿಟ್ಟವಳು. ಮಹಾ ಹಟಮಾರಿ. ಹೊರಗಿನವರ ಹತ್ತಿರ ಅಷ್ಟು ಉದ್ದದ ಜಗಳ ಯಾರಾದ್ರೂ ಮಾಡ್ತಾರಾ?"

ಈಗ ಜಯಣ್ಣನ ಕಡೆಯವರೂ ನಕ್ಕರು. ಅವನಿಗೆ ಅವಮಾನ ಆಯಿತೋ ಏನೋ. "ನೀವೇ ಆ ಊರವರು ಅಂತ ಹೇಗೆ ನಂಬುದು? ನಿಮ್ಮ ಮನೆ ಎಲ್ಲಿ ಅಲ್ಲಿ?"

"ಕಡಲಿನಲ್ಲಿ. ನೀರು ಇಳಿದಾಗ ಬಾ, ಪಂಚಾಂಗ ತೋರಿಸ್ತೇನೆ."

ಪಂಚಾಂಗ ಎಂದರೆ ಮನೆಯ ಅಡಿಪಾಯ. ಯಾರೂ ನಗಲಿಲ್ಲ. ಜಯಣ್ಣ ನೆಲ ನೋಡಿದ. "ನಮ್ಮ ಮನೆಯ ಎದುರೂ ಈ ಸಲ ಕಡಲಿಗೆ ಕಲ್ಲು ಹಾಕಿದ್ದಾರೆ. ನಿಲ್ಲುದು ಕಷ್ಟ" ಎಂದ. ಮತ್ತೆ ನವೀನನ ಕಡೆ ಕೈ ತೋರಿಸಿ, "ಆಡ್ಲಿ ಮಾರ್ರೆ" ಎಂದು ಹೋದ.

ರಿತೇಶ ಪಟ್ಟಿ ಬಿಚ್ಚಿದ. ಕೂತುಕೊಳ್ಳಲು ನನಗೆ ಬೇರೆ ಜಾಗ ಇರಲಿಲ್ಲ. ನಮ್ಮ ತಂಡದ ಬೆಂಚು ಖಾಲಿ ಇತ್ತಲ್ಲ, ಅಲ್ಲೇ ನೀರಿನ ಬಾಟಲಿಗಳ ಪಕ್ಕ ಕೂತೆ, ಇನ್ನೊಂದು ಬದಿಯಲ್ಲಿ ರಿತೇಶ. ನವೀನ ಓಡಿದ್ದು ಸುಳ್ಳಲ್ಲ. ಅಂಚಿನಿಂದ ಅವನು ಕೊಟ್ಟ ಒಂದು ಚೆಂಡು ಗೋಲಾಯಿತು. ಎದುರಿನವರು ಎರಡು ಹೊಡೆದರು. ಕೊನೆಗೆ ನವೀನನ ಕಾಲಿನ ಮೀನಖಂಡ ಹಿಡಿದಾಗ ರಿತೇಶ ಏಳಲು ಹೋದ. ನಾನು ಅವನ ಅಂಗಿ ಹಿಡಿದು ಎಳೆದು ಕೂರಿಸಿದೆ. "ನೀನು ಏಣಿ ಹತ್ತಬೇಕಾದವ" ಎಂದೆ. ಸೋತೆವು. ಎರಡು ದಿನ ಬಿಟ್ಟು ರಿತೇಶ ಕೆಲಸಕ್ಕೆ ಹೋದ. ನನಗೆ ಅಷ್ಟು ಸಾಕು.

ಆಟ ಮುಗಿದ ಮೇಲೆ ನವೀನ ಕುಂಟುತ್ತಾ ಬಂದ. "ಅಜ್ಜಿ, ನಮ್ಮ ಅಜ್ಜಿಯ ಮನೆ ಎಲ್ಲಿತ್ತು?"

"ನಮ್ಮ ಮನೆಯ ಮುಂದೆ, ಕಡಲಿನ ಕಡೆಗೆ. ಅದಕ್ಕೇ ಮೊದಲು ಅವಳದ್ದು ಹೋಯಿತು."

"ಆಗಲೂ ಮಾತಾಡಿಲ್ವಾ ನೀವು?"

"ಇಲ್ಲ. ಪಾತ್ರೆ ಹೊರಲಿಕ್ಕೆ ಹೋಗಿದ್ದೆ. ಮಾತಾಡಲಿಲ್ಲ."

ಹೋದ ವಾರ ಊರಿನಿಂದ ತಂಗಿಯ ಫೋನು ಬಂತು. ಕಡಲಿಗೆ ಮನೆ ಹೋದವರಿಗೆ ಒಳಗೆ ಎಲ್ಲೋ ಜಾಗ ಕೊಡುವ ಮಾತು ಉಂಟಂತೆ. ಬಂದು ಹೆಬ್ಬೆಟ್ಟು ಕೊಡಬೇಕಂತೆ. ನಾನು ಆ ಊರಿನವಳು ಹೌದು ಎಂದು ಹೇಳಲು ಅಕ್ಕಪಕ್ಕದ ಮನೆಯವರೊಬ್ಬರು ಬೇಕಂತೆ. ಒಂದು ಬದಿಯವರು ಮುಂಬೈಗೆ ಹೋದರು, ಇನ್ನೊಂದು ಬದಿಯವರು ಎಲ್ಲಿಗೆ ಹೋದರೋ ತಂಗಿಗೂ ಗೊತ್ತಿಲ್ಲ. ಎದುರಿನಲ್ಲಿ ಇದ್ದವಳು ರಾಧು. ಅವಳು ಇದ್ದಿದ್ದರೆ ಬಂದು ನಿಲ್ಲುತ್ತಿದ್ದಳು, ಮುಖ ಆ ಕಡೆ ತಿರುಗಿಸಿ ಹೌದು ಎನ್ನುತ್ತಿದ್ದಳು.

"ಯಾವಾಗ ಬರ್ತೀ?" ಎಂದು ತಂಗಿ ಕೇಳಿದಳು. ಅಷ್ಟರಲ್ಲಿ ಹೊರಗಿನ ಕೋಣೆಯಿಂದ ದಿನೇಶ ಕೂಗಿದ, "ಮಾಮಿ, ಶುಕ್ರವಾರಕ್ಕೆ ಎಷ್ಟು ಜನಕ್ಕೆ ಮೀನು ತರುದು?" ಹಮೀದ್ ಬರುತ್ತಾನೆ, ರಿತೇಶ ಬರುತ್ತಾನೆ, ನವೀನ ಬುರೈಮಿಯಿಂದ ಬರುತ್ತಾನೆ. ಮುಂದಿನ ಸಲಕ್ಕೆ ಬೆಂಚಲ್ಲಿ ಯಾರುಂಟು ಎಂದು ಈಗಲೇ ಜಗಳ ಶುರುವಾಗಿದೆ.

ತಂಗಿಗೆ ನೋಡುವ ಎಂದೆ. ದಿನೇಶನಿಗೆ, ನೀನು ತರುವುದು ಬೇಡ, ನಾನೇ ಹೋಗಿ ತರುತ್ತೇನೆ ಎಂದೆ.