ತಗಡಿನ ಮೇಲೆ ದೋಸೆ ಭಟ್ಟರ ಮುಖ

ಹೋದ ಭಾನುವಾರ ದಹಿಸರ್‌ನ ನಮ್ಮ ಮನೆಗೆ ಹೊಸ ಕಾವಲಿಯ ಆಗಮನವಾಯಿತು. ಸೊಸೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾದ ಕಬ್ಬಿಣಕ್ಕೆ ತಿಕ್ಕಿದಳು. ಆ ವಾಸನೆ ಮೂಗಿಗೆ ಬಡಿದರೆ ಯಾರಿಗಾದರೂ ಹಸಿವಾಗಬೇಕು. ನನಗೆ ಮಾತ್ರ ಕಟಕಟೆಯಲ್ಲಿ ನಿಂತ ಆರೋಪಿಯ ಹಾಗೆ ಬೆವರು ಬಂತು. ಕಾರಣ, ಬೈಕುಲ್ಲಾದ ಚಾಚಾ.

ಆಗ ನಾನು ಪರೇಲ್‌ನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ನಮ್ಮ ದೋಸೆ ಭಟ್ಟರು ಮೂವತ್ತೊಂದು ವರ್ಷ ಒಂದೇ ಕಾವಲಿಯ ಮುಂದೆ ನಿಂತು, ಇನ್ನು ಸಾಕೆಂದು ಊರಿಗೆ ಹೊರಟಿದ್ದರು. ನೆನಪಿನ ಕಾಣಿಕೆಯಾಗಿ ಅವರದೇ ಒಂದು ಫೋಟೊ ಕೊಡುವುದೆಂದು ಹೋಟೆಲಿನ ಮಹಾಸಭೆ, ಅಂದರೆ ನಾನು ಮತ್ತು ಇಬ್ಬರು ಸಪ್ಲಾಯರ್‌ಗಳು, ಒಮ್ಮತದ ನಿರ್ಣಯ ಕೈಗೊಂಡಿತು. ಸುದ್ದಿ ಕೇಳಿದ ಭಟ್ಟರು ಗಾಜು, ಕಟ್ಟು ಹಾಕಿಸುವುದಾದರೆ ತಾನು ಮುಟ್ಟುವುದೇ ಇಲ್ಲ ಅಂದರು. ಕಟ್ಟು ಹಾಕಿದ ಫೋಟೊ ಗೋಡೆಗೇರುವುದು ಮನುಷ್ಯ ಸತ್ತ ಮೇಲೆ, ಅದಕ್ಕೊಂದು ಹಾರ ಹಾಕುವುದು ಮಾತ್ರ ಬಾಕಿ ಇರುತ್ತದೆ ಎಂಬುದು ಅವರ ವಾದ. ಬರೀ ಕಾಗದ ಕೊಟ್ಟರೆ ಕರಾವಳಿಯ ಮಳೆಗೆ ಬೂಷ್ಟು. ಹೀಗಾಗಿ ಉಳಿದದ್ದು ತಗಡು.

ತಗಡಿನ ಕೆಲಸಕ್ಕೆ ಚಾಚಾ. ವಿಜಾಪುರದ ಕಡೆಯವರು, ಬೈಕುಲ್ಲಾದ ಒಂದು ಗಾಳಿಯಿಲ್ಲದ ಗಾಳಾದಲ್ಲಿ, ಅಂದರೆ ಮುಂಬಯಿಯವರ ಭಾಷೆಯ ಪುಟ್ಟ ಮಳಿಗೆಯಲ್ಲಿ, ಇಸ್ತ್ರಿಪೆಟ್ಟಿಗೆಯ ದೊಡ್ಡಪ್ಪನಂಥ ಹೀಟ್ ಪ್ರೆಸ್ ಇಟ್ಟುಕೊಂಡಿದ್ದರು. ಚಿತ್ರವನ್ನು ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಉಲ್ಟಾ ಛಾಪಿಸಿ, ಲೇಪ ಹಚ್ಚಿದ ಅಲ್ಯೂಮಿನಿಯಂ ತಗಡಿನ ಮೇಲೆ ಬೋರಲು ಹಾಕಿ, ಒಂದು ನಿಮಿಷ ಬಿಸಿ ಕೊಟ್ಟು ಒತ್ತಬೇಕು. ಶಾಯಿ ಆವಿಯಾಗಿ ಲೇಪದೊಳಗೆ ಇಳಿದು ಕೂರುತ್ತದೆ. ತಗಡು ತಣ್ಣಗಾಗುವವರೆಗೆ ಚಾಚಾ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹೆರಿಗೆ ಕೋಣೆಯ ಹೊರಗೆ ನಿಂತವರ ಶಿಸ್ತು ಅದು.

ಆದರೆ ಅವರ ಕಣ್ಣಿನ ಪೊರೆಯ ಆಪರೇಶನ್ ಆಗ ತಾನೇ ಮುಗಿದಿತ್ತು. ಮನೆಯವರೆಲ್ಲ ಮಷೀನು ಮಾರಿ ಸುಮ್ಮನೆ ಕೂರು ಎಂದು ಒತ್ತಾಯಿಸುತ್ತಿದ್ದರಂತೆ. ಆಪರೇಶನ್ ಆದಮೇಲೆ ಇದೇ ಮೊದಲ ಕೆಲಸ, ಇದು ನೆಟ್ಟಗಾದರೆ ಮಷೀನು ಇರುತ್ತದೆ, ಕೆಟ್ಟರೆ ಇಲ್ಲ ಎಂದು ಅವರೇ ನನಗೆ ಹೇಳಿದ್ದರು. ತಗಡುಗಳನ್ನು ಮಾತ್ರ ನೀವೇ ಪೇಟೆಯಿಂದ ತನ್ನಿ, ನನ್ನಲ್ಲಿ ಮುಗಿದಿವೆ ಅಂದರು. ನಾಲ್ಕು ತಂದೆ. ಒಂದು ಸಾಕು, ಮೂರು ಮುನ್ನೆಚ್ಚರಿಕೆಗೆ.

ಭಟ್ಟರು ಊರಿಗೆ ಹೊರಡುವ ಗಾಡಿ ಮಧ್ಯಾಹ್ನದ್ದು. ಅದರ ಹಿಂದಿನ ದಿನ ಊಟದ ಗಿರಾಕಿಗಳು ತೆರಳಿದ ಮೇಲೆ ನಾನು ಚಾಚಾನ ಎದುರು ಸ್ಟೂಲಿನ ಮೇಲೆ ಕೂತೆ. ಹೊರಗೆ ಜುಲೈ ಮಳೆ. ಮೊದಲ ತಗಡು ಹೊರಬಂತು. ಭಟ್ಟರ ಎರಡೂ ಕೆನ್ನೆಯ ಮೇಲೆ ಯಾವುದೋ ದೇಶದ ನಕಾಶೆ. ಮಳೆಗೆ ಕಾಗದ ಹಸಿ ಹಿಡಿದಿರಬೇಕು ಎಂದು ಚಾಚಾ ಎರಡನೇ ಸಲ ಕಾಗದವನ್ನು ಮೊದಲು ಬಿಸಿ ಮಾಡಿ ಒಣಗಿಸಿದರು. ನಕಾಶೆಗೆ ಇನ್ನೆರಡು ದ್ವೀಪ ಸೇರಿದವು. ಮೂರನೇ ಸಲ ಒತ್ತಡ ಬಿಗಿ ಮಾಡಿದರು. ಮುಚ್ಚಳ ಎತ್ತುವಾಗ ಕಾಗದ ಸರಿದು ಭಟ್ಟರಿಗೆ ಎರಡು ಮೂಗಾದವು, ಕಲೆಗಳು ಮಾತ್ರ ಇದ್ದಲ್ಲೇ ಇದ್ದವು.

ಚಾಚಾ ಮಷೀನಿನ ಸ್ವಿಚ್ ಆರಿಸಿದರು. ಮೂರೂ ತಗಡುಗಳನ್ನು ಸಾಲಾಗಿ ಇಟ್ಟು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ತುಂಬ ಹೊತ್ತು ನೋಡಿದರು...

“ಸಾಹೇಬ್ರ, ಮನ್ಯಾಗಿನವ್ರು ಹೇಳಿದ್ದು ಖರೇ ಅದ. ಕೈ ಹೋತು ನಂದು. ಉಳಿದಿದ್ದು ಒಂದು ಬ್ಯಾರೆ ಕಡೆ ಒಯ್ರಿ, ಕೆಡಸೂದು ಬ್ಯಾಡ.”

ಇಲ್ಲಿ ನಾನು ಒಂದು ಸತ್ಯ ದಾಖಲಿಸಬೇಕು. ಆ ಬೆಳಿಗ್ಗೆ ಹೋಟೆಲಿನ ಅಡಿಗೆಮನೆಯಲ್ಲಿ, ನಾಲ್ಕೂ ತಗಡುಗಳ ಮೇಲಿನ ಪ್ಲಾಸ್ಟಿಕ್ ಪೊರೆ ಕಿತ್ತು, ಅರ್ಧ ಈರುಳ್ಳಿಯಲ್ಲಿ ಎಣ್ಣೆ ತಿಕ್ಕಿ, ಬಟ್ಟೆಯಿಂದ ಒರೆಸಿ ತಂದಿದ್ದೆ. ಮೊದಲ ಸಲ ಬೆಂಕಿ ಕಾಣುವ ಲೋಹವನ್ನು ಪಳಗಿಸದೆ ಕಳಿಸಬಾರದು ಎಂಬುದು ನಮ್ಮ ವೃತ್ತಿಯ ಧರ್ಮ. ಎರಡನೇ ತಗಡು ಕೆಟ್ಟಾಗಲೇ ನನಗೆ ಆ ಎಣ್ಣೆಯ ಮೇಲೆ ಅನುಮಾನ ಹುಟ್ಟಿತ್ತು. ಆದರೆ ಗಲ್ಲಾದ ಮೇಲೆ ಇಪ್ಪತ್ತು ವರ್ಷ ಕೂತವನಿಗೆ ತಪ್ಪು ಯಾವಾಗಲೂ ಅಡಿಗೆಮನೆಯದು. ಸುಮ್ಮನಿದ್ದೆ. ಈಗ ಚಾಚಾ ಮಷೀನಿಗೆ ಹಳೇ ಚಾದರ ಹೊದಿಸತೊಡಗಿದ್ದರು, ಬಹಳ ನಿಧಾನವಾಗಿ, ಮೂಲೆ ಮೂಲೆ ಎಳೆದು.

“ಚಾಚಾ, ತಗಡಿಗೆ ನಾನು ಎಣ್ಣೆ ಸವರಿದ್ದೆ,” ಅಂದೆ. “ಈರುಳ್ಳಿಯಲ್ಲಿ.”

ಅವರು ಚಾದರದ ಮೂಲೆ ಹಿಡಿದೇ ನಿಂತರು. ನಾಲ್ಕನೇ ತಗಡನ್ನು ಎತ್ತಿ ಮೂಸಿದರು. ನನ್ನನ್ನು ನೋಡಿದರು. ಮತ್ತೊಮ್ಮೆ ಮೂಸಿದರು.

“ಎಣ್ಣಿ ಹಚ್ಚೀರಿ, ಉಳ್ಳಾಗಡ್ಡಿ ತಿಕ್ಕೀರಿ,” ಅಂದರು. “ಹಿಟ್ಟು ಎಲ್ಲಿ ಅದ ರೀ?”

ಆಮೇಲೆ ನಕ್ಕರು ನೋಡಿ... ಆಪರೇಶನ್ ಆದ ಕಣ್ಣಿಗೆ ಡಾಕ್ಟರು ಖಂಡಿತ ನಿಷೇಧಿಸಿದ್ದ ನಗು ಅದು. ಪಕ್ಕದ ಗಾಳಾದವನು ಬಂದು ಇಣುಕಿ ಹೋದ. ಕಣ್ಣೊರೆಸಿಕೊಂಡು, ತಮ್ಮ ಕೈ ಹೋಗಿದೆ ಅಂದುಕೊಂಡಿದ್ದರೆ ಹೋಗಿದ್ದು ಮ್ಯಾನೇಜರ್ ಸಾಹೇಬರ ಅಕ್ಕಲ್ ಎಂದು ಹಿಂದಿಯಲ್ಲಿ ಸಾರಿದರು. ಚಾದರ ಎಳೆದು ನೆಲಕ್ಕೆ ಎಸೆದರು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಗಡನ್ನು ಎರಡು ಸಲ ಒರೆಸಿ, ಬೆರಳು ತಾಗಿಸದೆ ಅಂಚಿನಲ್ಲಿ ಹಿಡಿದು, ಕಾಗದ ಒಣಗಿಸಿ, ನಾಲ್ಕೂ ಕಡೆ ಟೇಪು ಹಚ್ಚಿ ಒತ್ತಿದರು. ನನ್ನನ್ನು ಸ್ಟೂಲು ಸಮೇತ ಬಾಗಿಲಾಚೆ ಕೂರಿಸಿದ್ದರು. ಮಷೀನಿನ ಹತ್ತಿರ ಬಂದರೆ ಒಗ್ಗರಣೆ ಹಾಕುತ್ತೀರಿ ಎಂಬ ಕಾರಣ ನೀಡಲಾಯಿತು.

ನಾಲ್ಕನೆಯದರಲ್ಲಿ ಭಟ್ಟರು ಬಂದರು. ಒಂದೇ ಮೂಗು, ಸ್ವಚ್ಛ ಕೆನ್ನೆ, ಹಣೆಯ ಬೆವರೂ ಸಹಿತ. ಚಾಚಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಬರೀ ಕಣ್ಣಿನಲ್ಲೂ ನೋಡಿದರು. ಚಾದರವನ್ನು ಮಡಿಸಿ ಅಟ್ಟಕ್ಕೆ ಎಸೆದರು.

ಆ ಮಷೀನು ಅವರ ಕೈಯಲ್ಲಿ ಮತ್ತೆ ಆರು ವರ್ಷ ನಡೆಯಿತು. ನಾನು ಹೋದಾಗಲೆಲ್ಲ ಗಿರಾಕಿಗಳೆದುರು ತಗಡು ಮೂಸಿ ತೋರಿಸುವುದು ಒಂದು ವಿಧಿಯಾಯಿತು. ಈಗ ಆ ಗಾಳಾದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಭಟ್ಟರು ಹಬ್ಬಕ್ಕೊಮ್ಮೆ ಫೋನು ಮಾಡುತ್ತಾರೆ. ಮೊನ್ನೆಯೂ ಮಾಡಿದ್ದರು. ತಗಡಿನ ಬಣ್ಣ ಒಂದು ಚೂರೂ ಮಾಸಿಲ್ಲವೆಂದು ಅವರಿಗೆ ಸಿಟ್ಟು. “ನನಗೆ ವಯಸ್ಸಾಯಿತು ಮಾರಾಯ್ರೆ, ಅದಕ್ಕೆ ಮಾತ್ರ ಆಗುದೇ ಇಲ್ಲ. ಆ ಸಾಯ್ಬ್ರಿಗೆ ಒಂದು ಮಾತು ಹೇಳಿ.”

ಹೇಳುತ್ತೇನೆ ಅಂದೆ. ಚಾಚಾ ತೀರಿಹೋಗಿ ಎರಡು ವರ್ಷವಾಯಿತೆಂದು ಭಟ್ಟರಿಗೆ ನಾನಿನ್ನೂ ತಿಳಿಸಿಲ್ಲ. ಅಂದು ಬಾಯಿ ಬಿಡುವುದಕ್ಕೆ ನನಗೆ ಮೂರು ತಗಡು ಬೇಕಾಗಿದ್ದವು. ಇದಕ್ಕೆ ಎಷ್ಟು ಬೇಕೋ...