ಬೆಂಚಿನ ಮುದುಕನನ್ನು ಕೊಟ್ಟುಬಿಟ್ಟ ಮ್ಯಾನೇಜರ್

ಸುಳ್ಳು ಅಂತೀಯಾ? ಈ ಅಜ್ಜ ಹೇಳುವ ಸುಳ್ಳುಗಳೇ ಬೇರೆ, ಇದು ನಿಜ. ನನ್ನ ಭಾವಮೈದುನ ಕಂಪ್ಯೂಟರಿನೊಳಗಿನ ಬೇಸ್‌ಬಾಲ್ ತಂಡಕ್ಕೆ ಮ್ಯಾನೇಜರ್. ಆಟಗಾರರೆಲ್ಲ ಬರೀ ಹೆಸರು, ಅಂಕಿ. ಆದರೂ ಅವರಲ್ಲೊಬ್ಬನ ಕಾಲು ಉಳುಕಿದರೆ ಇವನು ಮೂರು ದಿನ ಕುಂಟುತ್ತಾನೆ. ಹಲ್ಲುಜ್ಜುವ ಮೊದಲೇ ಒಬ್ಬನನ್ನು ಬೇರೆ ತಂಡಕ್ಕೆ ಕೊಟ್ಟು ಇನ್ನೊಬ್ಬನನ್ನು ತರುತ್ತಾನೆ. ಹೋದ ವಾರ, ಒಂದು ಚೆಂಡನ್ನೂ ಹೊಡೆಯದೆ ಬೆಂಚಿನಲ್ಲಿ ಕೂತಿರುತ್ತಿದ್ದ ಮುದುಕ ಆಟಗಾರನನ್ನು ಕೊಟ್ಟು ಆನೆಯಂಥ ಹೊಡೆತಗಾರನನ್ನು ತಂದ. ಅವತ್ತಿನಿಂದ ಪರದೆಯ ಮೇಲೆ ‘ತಂಡದ ಒಗ್ಗಟ್ಟು’ ಅನ್ನುವ ಅಂಕಿ ನೆಲ ಕಚ್ಚಿದೆ, ಸೋಲಿನ ಮೇಲೆ ಸೋಲು. “ಏನೂ ಮಾಡದವನು ಹೋದ್ರೆ ಏನು ಕಮ್ಮಿಯಾಗುತ್ತೆ ಭಾವ?” ಅಂತ ತಲೆ ಕೆರೆದುಕೊಳ್ಳುತ್ತಾನೆ. ನನಗೂ ತಲೆಬುಡ ತಿಳಿಯದು. ನೌಕರಿಯಲ್ಲಿದ್ದಾಗ ಈ ಭಾವಮೈದುನನನ್ನೇ ಹನ್ನೊಂದು ಸಲ ವರ್ಗ ಮಾಡಿದ್ದರು, ಒಮ್ಮೆಯೂ ಒಂದು ಮಾತು ಕೇಳದೆ. ಈಗ ಮುದುಕನನ್ನು ವಾಪಸ್ ಪಡೆಯಲು ಮೂವರು ಒಳ್ಳೆಯ ಆಟಗಾರರನ್ನು ಕೊಡುತ್ತೇನೆಂದು ಆ ತಂಡದವರಿಗೆ ಬರೆದು ಕೂತಿದ್ದಾನೆ. ಉತ್ತರ ಬಂದಿಲ್ಲ, ಆಟಗಾರರ ಅದಲುಬದಲಿಗೆ ಗಡುವು ಇವತ್ತೇ. “ರೀ, ಬಡಿಸಿದ್ದೀನಿ, ನನ್ನ ತಮ್ಮನ್ನೂ ಕರೀರಿ,” ಅಂತ ನನ್ನವಳ ಕೂಗು. “ಏಳಪ್ಪಾ, ಊಟಕ್ಕೆ,” ಅಂದೆ. “ನೀವು ಹೋಗಿ ಭಾವ,” ಅಂದ, ಪರದೆಯಿಂದ ಕಣ್ಣು ತೆಗೆಯದೆ, “ನಮ್ಮ ಮುದುಕ ಇನ್ನೂ ಬಂದಿಲ್ಲ.”