ತುಕ್ಕಿನ ಕೀಲಿ ಹುಡುಕುವ ಅನಸುಬಾಯಿ

ವಾಡಿ ಊರಿಗೆ ಬಂದ ಹೊಸದರಲ್ಲಿ ನಾನು ಅನಸುಬಾಯಿಯನ್ನು ಕಳ್ಳಿ ಎಂದುಕೊಂಡಿದ್ದೆ. ಮುಂಜಾನೆ ನಾನು ಬೇಳೆ ಮಿಲ್ಲಿಗೆ ಹೊರಟಾಗ ಆಕೆ ಓಣಿಯ ಬಾಗಿಲುಗಳಿಗೆ ಜಡಿದ ಕೀಲಿಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಸೊಂಟದಲ್ಲಿ ಚಾವಿಗಳ ಗೊಂಚಲು ಬೇರೆ. ಇನ್ನೇನು ಸಾಕ್ಷಿ ಬೇಕು? ಸಂತೆಯಲ್ಲಿ ಸಿಕ್ಕಷ್ಟು ದೊಡ್ಡ ಕೀಲಿ ತಂದು ನನ್ನ ಖೋಲಿಗೆ ಜಡಿದೆ. ಮರುದಿನ ಆಕೆ ಅದರ ಮುಂದೆಯೇ ನಿಂತಿದ್ದಳು.

“ಇಷ್ಟ ದೊಡ್ಡ ಕೀಲಿ ಹಾಕೀಯಲ್ಲೋ ತಮ್ಮಾ, ಒಳಗ ಏನದ?”

“ಒಂದು ಬಕೆಟ್ ಅದರಿ.” ಬಾಯಿಂದ ನಿಜವೇ ಬಂತು.

“ಜೋಪಾನಪಾ. ದಿನಮಾನ ಚಲೋ ಇಲ್ಲ.”

ಆಮೇಲೆ ತಿಳಿಯಿತು, ಆಕೆ ಹುಡುಕುತ್ತಿದ್ದುದು ತುಕ್ಕು. ಕೀಲಿಗೆ ತುಕ್ಕು ಹಿಡಿದಿದ್ದರೆ ಆ ಮನೆಯವರು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ ಬಹಳ ದಿನವಾಗಿದೆ ಎಂದರ್ಥ. ಅವರ ನಂಬರ್ ಹುಡುಕಿ ಫೋನ್ ಮಾಡುತ್ತಾಳೆ: “ಒಲಿ ಹತ್ತದ ಮನಿ ಹಾವಿನ ಪಾಲಾಗ್ತದರಿ. ಮಂದಿ ಇಡ್ತೀನಿ, ದೀಪ ಹಚ್ತಾರ. ನೀವು ಬಂದ ದಿನ ಬಿಡ್ತಾರ, ಜವಾಬ್ದಾರಿ ನಂದು.” ಹೀಗೆ ಸ್ಟೇಷನ್ ಸೇತುವೆಯ ಕೆಳಗಿದ್ದ ಆರು ಸಂಸಾರಗಳಿಗೆ ಸೂರು ಸಿಕ್ಕಿದೆ. ಹೆಂಗಸರನ್ನು ತಾನು ಬೇಳೆ ಕೇರುವ ನಮ್ಮ ಮಿಲ್ಲಿಗೆ ಸೇರಿಸುವವಳೂ ಆಕೆಯೇ. ಆಕೆ ಮತ್ತು ತಂಗಿ ಲುಂಬಿನಿ ಅದೇ ಸೇತುವೆಯ ಕೆಳಗೆ ಬೆಳೆದವರು.

ಈ ಜೂನ್‌ನಲ್ಲಿ ಕೊಡ್ಲಿ ಊರಿನ ಕಡೆಯಿಂದ ಚಂದ್ರಕಲಾ ಎಂಬಾಕೆ ಎರಡು ಮಕ್ಕಳೊಂದಿಗೆ ಬಂದಳು. ಕೆಲಸ ಸಿಕ್ಕಿತು, ತುಕ್ಕಿನ ಕೀಲಿ ಒಂದೂ ಸಿಗಲಿಲ್ಲ. ಸುರಿಯುವ ಮಳೆಯಲ್ಲಿ ಮಕ್ಕಳನ್ನು ಸೇತುವೆಯ ಕೆಳಗೆ ಬಿಟ್ಟು ಬರಲಾರದೆ ಎರಡು ದಿನ ಕೆಲಸ ತಪ್ಪಿಸಿದಳು. ಮೂರನೆಯ ದಿನವೂ ತಪ್ಪಿದರೆ ಬರುವುದೇ ಬೇಡ ಎಂದ ಮಿಲ್ಲಿನ ಆಳುಗಳ ಮುಕಾದಮ. ಅಂದು ಸಂಜೆ ಅನಸುಬಾಯಿ ತನ್ನ ಬಾಡಿಗೆ ಖೋಲಿಯನ್ನೇ ಅವರಿಗೆ ಬಿಟ್ಟುಕೊಟ್ಟು, ಗೆಳತಿ ಹಮೀದಾಬಿಯ ಪಡಸಾಲೆಗೆ ಹೊರಟಳು. ಗಂಟು ಹೊತ್ತವನು ನಾನು. ಬಕೆಟ್ ಕಾಯುವವನಿಗೆ ಅಷ್ಟಾದರೂ ಬಡ್ತಿ.

ದಾರಿಯಲ್ಲಿ ಒಂದು ಕಲ್ಲುಮನೆಯ ಮುಂದೆ ಆಕೆ ನಿಂತಳು. ಎಣ್ಣೆ ಹಾಕಿದ ಕೀಲಿ ಫಳಫಳ ಹೊಳೆಯುತ್ತಿತ್ತು. ತೆಗೆದು, ಒಳಗೆ ಕಸ ಗುಡಿಸಿ, ಕೊಡದ ನೀರು ಬದಲಿಸಿ, ಮತ್ತೆ ಕೀಲಿ ಹಾಕಿದಳು. ಅಕ್ಕತಂಗಿ ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಮನೆ ಅದು ಎಂದಳು. ಒಂದು ದಿನ ಜಗಳಾಡಿ ಲುಂಬಿನಿ ಸೊಲ್ಲಾಪುರದ ಗಾಡಿ ಹತ್ತಿದಳು. ಹತ್ತು ವರ್ಷವಾಯಿತು. ತಂಗಿಯಿಲ್ಲದೆ ಅನಸುಬಾಯಿಯೂ ಅವತ್ತಿನಿಂದ ಅಲ್ಲಿ ಮಲಗಿಲ್ಲ. ಮಿಲ್ಲಿನಲ್ಲಿ ರೈಲಿನ ಸೀಟಿ ಕೇಳಿದಾಗೆಲ್ಲ ಆಕೆಯ ಮೊರ ಒಂದು ಗಳಿಗೆ ನಿಲ್ಲುವುದೇಕೆಂದು ಆಗ ಗೊತ್ತಾಯಿತು.

ಗೊತ್ತಾದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಕ್ಕಾ, ಒಲಿ ಹತ್ತದ ಮನಿ ಹಾವಿನ ಪಾಲು ಅಂತ ನೀವೇ ಅಂತೀರಿ. ಇದನ್ನ ಚಂದ್ರಕಲಾಗ ಯಾಕ ಕೊಡಲಿಲ್ರಿ?”

“ಮಂದಿ ಇಟ್ಟರ ಲುಂಬಿನಿ ಬರಾಂಗಿಲ್ಲ ಅಂತ ನಾನೇ ಒಪ್ಪಿದಂಗ. ಒಪ್ಪಾಂಗಿಲ್ಲ. ಗಂಟು ಎತ್ತು.”